ತಮ್ಮನಿಗೆ ದಾಟಿದ ಅಂಜಿಕೆ

ಹೊಸ ಗುಳಿಗೆ ಅಂಜಿಕೆಯನ್ನು ಅಳಿಸುತ್ತಿರಲಿಲ್ಲ, ಒಪ್ಪಿದ ರಕ್ತಸಂಬಂಧಿಗೆ ದಾಟಿಸುತ್ತಿತ್ತು. ಹುಬ್ಬಳ್ಳಿಯ ನೀಲವ್ವನಿಗಾಗಿ ಅವಳ ತಮ್ಮ ಶಿವಪುತ್ರ ಒಪ್ಪಿದ್ದ. ಅಂಜಿ ಹೊರಗೆ ಹೋಗುವುದನ್ನೇ ಬಿಟ್ಟಿದ್ದ ಆಕೆ ಗುಳಿಗೆ ನುಂಗಿ, ಎಷ್ಟೋ ವರ್ಷಗಳ ನಂತರ ಒಬ್ಬಳೇ ಸಂತೆಗೆ ಹೋಗಿ, ಚೌಕಾಸಿ ಮಾಡಿ ಕಾಯಿಪಲ್ಯ ತಂದಳು. ಮನೆಗೆ ಬಂದರೆ ಶಿವಪುತ್ರ ಅಡುಗೆಮನೆಯ ಮೂಲೆಯಲ್ಲಿ ಮೊಣಕಾಲು ತಬ್ಬಿಕೊಂಡು ನಡುಗುತ್ತಿದ್ದ.

“ಗುಳಿಗಿ ಬಿಟ್ಟಬಿಡ್ಲೇನ ತಮ್ಮಾ?” ಎಂದಳು.

“ಬ್ಯಾಡಕ್ಕಾ. ನೀ ಹೊರಗ ಹೋಗಿ ಬಂದೆಲ್ಲಾ, ಅಷ್ಟ ಸಾಕು ನನಗ.”

ಪಕ್ಕದಲ್ಲಿ ಕುಳಿತು ಅವನ ಬೆನ್ನು ಸವರಿದಳು. ಅವನಿಗಾಗಿ ತನ್ನ ಕರುಳು ಚುರ್ರೆನ್ನಲಿ ಎಂದು ಕಾದಳು. ಎದೆ ತಣ್ಣಗೇ ಇತ್ತು. ಅವನನ್ನು ಕಂಡು ಅವಳಲ್ಲಿ ಹುಟ್ಟಬೇಕಾಗಿದ್ದ ಕಳವಳವೂ ಅವನಿಗೇ ಹೋಗುತ್ತಿತ್ತು. ಅವಳು ಸವರಿದಷ್ಟೂ ಶಿವಪುತ್ರ ಇನ್ನೂ ಜೋರಾಗಿ ನಡುಗತೊಡಗಿದ.

ನೀಲವ್ವ ಕೈ ತೆಗೆದಳು. ಅವನನ್ನು ನೋಡುತ್ತಲೇ ಸಂಜೆಯ ಗುಳಿಗೆ ನುಂಗಿದಳು.