ಪ್ರಮೋದಾಳ ಹೆಸರಿನ ಸೈಟು

“ರಾಮಾಂಜಿನಪ್ಪನವರು ನಿನಗೆ ಏನಾಗ್ಬೇಕಮ್ಮ?” ವಕೀಲ ಗೋವಿಂದರಾಜು ಎರಡನೇ ಸಲ ಕೇಳಿದರು.

ಪ್ರಮೋದಾ ಮುಂದಿದ್ದ ಕಾಫಿ ಲೋಟವನ್ನೇ ನೋಡುತ್ತಿದ್ದಳು. ವಿಜಯಪುರದಲ್ಲಿ ರಾಮಾಂಜಿನಪ್ಪನವರ ರೇಷ್ಮೆ ಹುರಿ ಕಾರ್ಖಾನೆಯಲ್ಲಿ ಎಂಟು ವರ್ಷ ದುಡಿದವಳು ಅವಳು. ಅವರು ತೀರಿಕೊಂಡು ಮೂರು ತಿಂಗಳಾಗಿತ್ತು. ಬೀರು ತೆಗೆದಾಗ ಒಂದು ಕ್ರಯಪತ್ರ ಸಿಕ್ಕಿತು. ದೇವನಹಳ್ಳಿ ರಸ್ತೆಯ ಸೈಟು, ಅದರಲ್ಲಿನ ಎರಡು ಕೋಣೆಯ ಮನೆ. ದುಡ್ಡೆಲ್ಲ ಅವರದು, ಹೆಸರು ಮಾತ್ರ ಪ್ರಮೋದಾಳದು. ಆ ಮನೆಯಲ್ಲೇ ಅವಳ ತಾಯಿ ಹಾಸಿಗೆ ಹಿಡಿದು ಮಲಗಿದ್ದಳು.

“ಏನಾಗ್ಬೇಕು ಅಂತ ಊರಿಗೇ ಗೊತ್ತು ಬಿಡಿ ಸಾರ್,” ಎಂದ ರಾಮಾಂಜಿನಪ್ಪನವರ ಮಗ ಭಾನುಪ್ರಕಾಶ್. “ಬಾಯಲ್ಲಿ ಹೇಳೋಕೆ ನಾಚಿಕೆ.”

“ಸುಮ್ನಿರೋ,” ಎಂದರು ಅವನ ತಾಯಿ ಮುನಿತಾಯಮ್ಮ. ಪ್ರಮೋದಾಳ ಮುಂದಿದ್ದ ಕಾಫಿ ಆರಿಹೋಗಿತ್ತು. ಅದನ್ನು ಸರಿಸಿ, ಆಗಷ್ಟೇ ಬಂದ ತಮ್ಮ ಲೋಟವನ್ನು ಅವಳ ಕಡೆಗಿಟ್ಟರು.

ವಕೀಲರು ಬಿಡಿಸಿ ಹೇಳಿದರು. “ನೋಡಮ್ಮ, ಹೆಂಡ್ತಿ ಮಕ್ಕಳ ಹೆಸರಲ್ಲಿ ಕೊಂಡಿದ್ರೆ ಅವರಿಗೇ ಕೊಟ್ಟಿದ್ದು ಅಂತ ಕಾನೂನು ತಿಳ್ಕೊಳ್ಳುತ್ತೆ. ಯಾರೂ ಕೇಳೋ ಹಂಗಿಲ್ಲ. ನಂಬಿಕಸ್ತ ಕೆಲಸದವರ ಹೆಸರಲ್ಲಿ ಇಟ್ಟಿದ್ರೆ ಅದು ಇನ್ನೊಬ್ಬರ ಸ್ವತ್ತು. ವಾಪಸ್ ಕೊಡ್ಬೇಕು.”

“ಹೆಂಡ್ತಿ ಅಂದ್ರೂ ಅಂದಾಳು,” ಭಾನುಪ್ರಕಾಶ್ ನಕ್ಕ. “ತಾಳಿ ತೋರ್ಸು ಅನ್ನಿ.”

ಪ್ರಮೋದಾಳಿಗೆ ಸಿಟ್ಟು ಬರಲಿಲ್ಲ. ಅಳುವೂ ಬರಲಿಲ್ಲ. ಹೊರಗೆ ಹೊಸಕೋಟೆ ಬಸ್ಸು ಹಾರ್ನ್ ಹೊಡೆಯುತ್ತಿತ್ತು. ಅದು ಹೋಗುವವರೆಗೂ ಕೇಳಿಸಿಕೊಂಡಳು. ಬೆಳಿಗ್ಗೆ ಮುಖ ಒರೆಸುವಾಗ ತಾಯಿ ಹೇಳಿದ್ದು ನೆನಪಾಯಿತು: “ಮನೆ ಹೋದ್ರೆ ಹೋಗ್ಲಿ. ಆ ಮುನಿತಾಯಮ್ಮನ ಎದುರಿಗೆ ಬಾಯಿ ಬಿಡ್ಬೇಡ. ನಾನು ಬಿದ್ದಾಗಿಂದ ದಿನಾ ಗಂಜಿ ಕಳಿಸಿದ ಕೈ ಅದು.”

“ಏನೂ ಆಗ್ಬೇಕಿಲ್ಲ ಸಾರ್,” ಎಂದಳು. “ಕೆಲಸಕ್ಕಿದ್ದೆ. ನಂಬಿ ನನ್ನ ಹೆಸರಲ್ಲಿ ಇಟ್ಟಿದ್ರು.”

ಭಾನುಪ್ರಕಾಶ್ ಕುರ್ಚಿಗೆ ಒರಗಿ ಕೂತ. ವಕೀಲರು ಬರೆದುಕೊಂಡರು. ತಿಂಗಳೊಳಗೆ ಮನೆ ಖಾಲಿ ಮಾಡಿ, ಸೈಟನ್ನು ಮುನಿತಾಯಮ್ಮನವರ ಹೆಸರಿಗೆ ನೋಂದಣಿ ಮಾಡಿಕೊಡಬೇಕು. ಪ್ರಮೋದಾ ತೋರಿಸಿದ ಕಡೆಯೆಲ್ಲ ಸಹಿ ಹಾಕಿದಳು.

ಮಗ ಕಾರು ತರಲು ಹೋದ. ಮುನಿತಾಯಮ್ಮ ಒಪ್ಪಂದದ ಪತ್ರವನ್ನು ಮಡಚಿ ಚೀಲಕ್ಕೆ ಹಾಕಿಕೊಂಡು, ಪ್ರಮೋದಾಳ ಜೊತೆಗೇ ಮೆಟ್ಟಿಲಿಳಿದರು.

“ಎಲ್ಲಿಗೆ ಹೋಗ್ತೀರಿ ಇನ್ಮೇಲೆ?”

“ಎಲ್ಲಾದ್ರೂ ನೋಡ್ತೀನಮ್ಮ.”

ಮುನಿತಾಯಮ್ಮ ಅವಳ ಭುಜದ ಮೇಲೆ ಜಾರಿದ್ದ ಸೆರಗನ್ನು ಸರಿಮಾಡಿದರು.

“ಹುಷಾರಾಗಿ ಹೋಗು. ನಿಮ್ಮಪ್ಪನೂ ಸಾಯೋವರ್ಗೂ ನನಗೆ ಗೊತ್ತಿಲ್ಲ ಅಂದ್ಕೊಂಡೇ ಇದ್ರು.”