ಅಲುಗಿದರೆ ಅಳಿಸಿಹೋಗುವ ಮರ

“ನಿನ್ನ ಚಿತ್ರ ಪ್ರದರ್ಶನಕ್ಕೆ ಬಂದ ದಿನ ಮೊದಲು ನೋಡೋನು ನಾನೇ, ಪುಟ್ಟಿ.” ಅವಳು ಗೋಡೆ ತುಂಬ ಗೀಚುತ್ತಿದ್ದ ಕಾಲದಲ್ಲಿ ಅಪ್ಪ ಕೊಟ್ಟ ಮಾತು ಅದು. ಈಗ ವಿಶ್ವವಿದ್ಯಾಲಯದ ಸಭಾಂಗಣದಲ್ಲಿ, ಅವಳು ಕಂಪ್ಯೂಟರಿನಲ್ಲಿ ಕೋಡ್ ಬರೆದು ಮಾಡಿದ ಚಿತ್ರದ ಮುಂದೆ, ರಾತ್ರಿಪಾಳಿ ಮುಗಿಸಿ ಬಸ್ ಚಾಲಕನ ಸಮವಸ್ತ್ರದಲ್ಲೇ ಬಂದ ಅಪ್ಪ ನಿಂತಿದ್ದ.

“ನಾನೇನ್ ಮಾಡ್ಬೇಕು?”

“ಏನೂ ಮಾಡ್ಬಾರ್ದು ಅಪ್ಪ. ಸುಮ್ನೆ ಕೂತ್ಕೊ. ಕೂತಷ್ಟು ಹೊತ್ತು ಪರದೆ ಮೇಲೆ ಮರ ಬೆಳೆಯುತ್ತೆ. ಕೂತವರು ಅಲುಗಾಡಿದ್ರೆ ಕ್ಯಾಮೆರಾ ಕಂಡುಹಿಡಿದು ಎಲ್ಲಾ ಅಳಿಸಿಬಿಡುತ್ತೆ.”

“ಸುಮ್ನೆ ಕೂರೋದೊಂದೇ ನಂಗೆ ಬರಲ್ವಲ್ಲೇ!”

ಬೆಳಗಿನಿಂದ ಅದು ಯಾರಿಗೂ ಬಂದಿರಲಿಲ್ಲ. “ಇದೇನು ಚಿತ್ರವೋ ತಪಸ್ಸೋ?” ಎಂದು ಸಹಪಾಠಿಗಳು ನಕ್ಕು ಎದ್ದುಹೋಗಿದ್ದರು. ಪೂರ್ತಿ ಮರ ನೋಡುವಷ್ಟು ತಾಳ್ಮೆ ಕೋಡ್ ಬರೆದವಳಿಗೂ ಇರಲಿಲ್ಲ. ಅಪ್ಪ ಕುರ್ಚಿಗೆ ತಲೆ ಒರಗಿಸಿ ಕೂತ. ಕಾಂಡ ಮೂಡಿತು, ಕೊಂಬೆ ಚಾಚಿತು. ಎಲೆ ಚಿಗುರುವ ಹೊತ್ತಿಗೆ ಅವನಿಗೆ ಗಾಢ ನಿದ್ದೆ.

ಮರ ಮೈತುಂಬ ಹೂ ಬಿಟ್ಟಿತು. ಯಾರಿಗಾದರೂ ತೋರಿಸೋಣವೆಂದು ತಿರುಗಿದಳು. ಎಲ್ಲರೂ ಊಟಕ್ಕೆ ಹೋಗಿದ್ದರು. ಅಪ್ಪನನ್ನು ಎಬ್ಬಿಸಲು ಭುಜದವರೆಗೂ ಚಾಚಿದ ಕೈಯನ್ನು ಹಿಂದಕ್ಕೆಳೆದುಕೊಂಡಳು. ಅವನು ಕಣ್ಣುಬಿಟ್ಟು ಮಿಸುಕಿದರೆ ಮರ ಇರುವುದಿಲ್ಲ.

ಆ ಮರವನ್ನು ಅವಳೊಬ್ಬಳೇ ನೋಡಿದಳು. ಅಪ್ಪನ ಮಾತು ನಡೆಯಲಿಲ್ಲ.