ನಡುವೆ ಕೂತ ನಾಯಿ

ಹಗಲೆಲ್ಲ ನದಿಯಲ್ಲಿ ದೋಣಿ ನಡೆಸಿ, ಸಂಜೆ ದಡದಲ್ಲಿ ಡೇರೆ ಹಾಕುತ್ತ ಸಾಗುವ ಪ್ರವಾಸಕ್ಕೆ ಗೆಳೆಯರ ಗುಂಪು ನಾಯಿಗಳ ಸಮೇತ ಹೊರಟಿತ್ತು. ವಾದಿರಾಜನಿಗೆ ನಾಯಿ ಕಂಡರಾಗದು. ಆದರೂ ಬಂದ, ಹರಿಣಿ ಬರುತ್ತಾಳೆಂದು. ಅದೃಷ್ಟಕ್ಕೆ ಅವಳ ದೋಣಿಯಲ್ಲೇ ಜಾಗ ಸಿಕ್ಕಿತು. ಇಬ್ಬರೂ ಹತ್ತುವಷ್ಟರಲ್ಲಿ ಒಂದು ಕಂದು ನಾಯಿ ನಡುವೆ ಬಂದು ಕೂತಿತ್ತು.

ಅವಳ ಮನಸ್ಸು ಗೆಲ್ಲಬೇಕಾದರೆ ಮೊದಲು ಇದನ್ನು ಒಲಿಸಿಕೊಳ್ಳಬೇಕು ಎಂದುಕೊಂಡ ವಾದಿರಾಜ. ತನ್ನ ಪಾಲಿನ ಚಪಾತಿ ತಿನ್ನಿಸಿದ. ಅದು ಒದ್ದೆ ಮೈ ಕೊಡವಿದಾಗ ಮುಖ ಒರೆಸಿಕೊಂಡು ನಕ್ಕ. ಚಳಿಯಲ್ಲಿ ತನ್ನ ಕಂಬಳಿಯನ್ನೂ ಬಿಟ್ಟುಕೊಟ್ಟ. ಹರಿಣಿಯೂ ಅದರ ತಲೆ ಮೆಲ್ಲಗೆ ಸವರಿ, ಅವನತ್ತ ನೋಡಿ ನಗುತ್ತಿದ್ದಳು.

ಕೊನೆಯ ದಿನ ನಾಯಿ ಅವನ ತೊಡೆಯ ಮೇಲೆ ತಲೆಯಿಟ್ಟು ಮಲಗಿತು. ಅವನು ಹುಟ್ಟು ಹಾಕುವುದನ್ನು ನಿಲ್ಲಿಸಿ ಧೈರ್ಯ ತಂದುಕೊಂಡ.

"ನಿಮ್ ನಾಯಿ ನನ್ನ ಒಪ್ಕೊಂಡಿದೆ. ನೀವೂ ಒಪ್ಕೊಂಡ್ರೆ ಮನೆಗೆ ಬಂದು ನಿಮ್ಮ ಅಪ್ಪ-ಅಮ್ಮನ್ನ ಕೇಳ್ತೀನಿ."

ಹರಿಣಿ ಅವನನ್ನೂ ನಾಯಿಯನ್ನೂ ನೋಡಿದಳು.

"ನನ್ ನಾಯೀನಾ? ನಂಗೆ ನಾಯಿ ಅಂದ್ರೆ ಜೀವ ಹೋಗುತ್ತೆ. ನಿಮ್ದು ಅಂತ ತಾನೇ ಇಷ್ಟು ದಿನ ಸಹಿಸ್ಕೊಂಡಿದ್ದು?"